ಯುಟಿಲಿಟಿ ಬಾಲ್ಕನಿಯಲ್ಲಿ ಮರಗೆಲಸ: ಮೊದಲು ಉಳಿ ಮಸೆಯಿರಿ, ಆಮೇಲೆ ಮಣೆ ಮಾಡಿ

ಪ್ರಶ್ನೆ: ನನಗೆ 43 ವರ್ಷ. ಬನಶಂಕರಿಯ ಅಪಾರ್ಟ್‌ಮೆಂಟೊಂದರಲ್ಲಿ ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಕೆಲಸವೆಲ್ಲ ಕಂಪ್ಯೂಟರ್ ಮುಂದೆಯೇ. ಸಂಜೆ ಮತ್ತು ಭಾನುವಾರ ಸಿಗುವ ಬಿಡುವು ಮೊಬೈಲ್ ನೋಡುವುದರಲ್ಲೇ ಕಳೆದುಹೋಗುತ್ತಿದೆ. ಕೈಯಿಂದ ಏನಾದರೂ ಮಾಡಬೇಕು ಅನ್ನಿಸಿ ಡ್ರಿಲ್ ಮೆಷಿನ್ ಮತ್ತು ಒಂದು ಸೆಟ್ ಉಳಿ ತಂದು ನವೆಂಬರಿನಲ್ಲಿ ಸ್ಟೂಲ್ ಮಾಡಿದೆ. ಸ್ಕ್ರೂ ಹಾಕುವಾಗಲೇ ಒಂದು ಕಡೆ ಮರ ಸೀಳಿತು. ಮಾರ್ಚ್ ಹೊತ್ತಿಗೆ ಹಲಗೆಯೇ ಬಿರುಕು ಬಿಟ್ಟಿತು. ಉಳಿ ಮರವನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಕೆಳಗಿನ ಮನೆಯವರು ಶಬ್ದದ ಬಗ್ಗೆ ದೂರು ಕೊಟ್ಟಿದ್ದಾರೆ. ಇರುವ ಜಾಗ 4 ಅಡಿ × 6 ಅಡಿಯ ಯುಟಿಲಿಟಿ ಬಾಲ್ಕನಿ. ಈ ಹವ್ಯಾಸ ನನ್ನಂಥವರಿಗೆ ಆಗುತ್ತದೆಯೇ, ಅಥವಾ ಬೇರೆ ಏನಾದರೂ ನೋಡಿಕೊಳ್ಳಲೇ?

ಉತ್ತರ: ಖಂಡಿತ ಆಗುತ್ತದೆ, ಬೇರೆ ಹುಡುಕಬೇಡಿ. ನೀವು ಹೇಳಿದ ನಾಲ್ಕು ತೊಂದರೆಗಳಿಗೂ ಸ್ಪಷ್ಟ ಕಾರಣಗಳಿವೆ, ನಾಲ್ಕಕ್ಕೂ ಪರಿಹಾರ ಇದೆ. ಕೈಚಳಕ ಇಲ್ಲ ಎನ್ನುವುದು ಅವುಗಳಲ್ಲಿ ಯಾವುದಕ್ಕೂ ಕಾರಣವಲ್ಲ. ಹೊಸದಾಗಿ ಶುರು ಮಾಡುವವರಲ್ಲಿ ಹೆಚ್ಚಿನವರು ಇದೇ ಜಾಗದಲ್ಲಿ ಎಡವಿ, ಸಲಕರಣೆಗಳನ್ನು ಅಟ್ಟಕ್ಕೆ ಹಾಕಿ, ಮತ್ತೆ ಮೊಬೈಲ್ ಹಿಡಿಯುತ್ತಾರೆ. ಅಂಗಡಿಯಿಂದ ತಂದ ಹೊಸ ಉಳಿ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ, ಅಂಗಡಿಯಿಂದ ತಂದ ಮರವೂ ಸಿದ್ಧವಾಗಿರುವುದಿಲ್ಲ. ಇವೆರಡನ್ನು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಮೊದಲು ಬಿರುಕಿನ ವಿಚಾರ. ಮರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕೇ ಬರುವುದಿಲ್ಲ, ಅಗಲಕ್ಕೆ ಮಾತ್ರ ಚೆನ್ನಾಗಿಯೇ ಬರುತ್ತದೆ. ಹಸಿ ಸ್ಥಿತಿಯಿಂದ ಪೂರ್ತಿ ಒಣಗುವವರೆಗೆ ತೇಗ ವಾರ್ಷಿಕ ಉಂಗುರಗಳ ದಿಕ್ಕಿನಲ್ಲಿ ಸುಮಾರು 5.8% ಕುಗ್ಗುತ್ತದೆ. ಅದೇ ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಸುಮಾರು 2.5% ಮಾತ್ರ. ಅಂಗಡಿಯಲ್ಲಿ 15% ತೇವಾಂಶ ಇದ್ದ ಹಲಗೆ ನಿಮ್ಮ ಮನೆಯಲ್ಲಿ 10%ಕ್ಕೆ ಇಳಿಯಿತು ಅಂದುಕೊಳ್ಳಿ. 285 ಮಿ.ಮೀ. ಅಗಲದ ತೇಗದ ಹಲಗೆ ಆಗ 2.7 ಮಿ.ಮೀ.ನಷ್ಟು ಕಿರಿದಾಗಬಹುದು. ತೇಗ ಕಡಿಮೆ ಅಲುಗಾಡುವ ಮರಗಳಲ್ಲೊಂದು, ಬೇರೆ ಹಲವು ಮರಗಳು ಇದಕ್ಕಿಂತ ಹೆಚ್ಚು ಕುಗ್ಗುತ್ತವೆ. ಬೆಂಗಳೂರಿನಲ್ಲಿ ಜುಲೈಯಿಂದ ಅಕ್ಟೋಬರ್‌ವರೆಗೆ ಗಾಳಿ ತೇವ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣ. ಮಳೆಗಾಲ ಕಳೆದ ಕೂಡಲೇ ತಂದ ಮರದಲ್ಲಿ ನೀವು ಸ್ಟೂಲ್ ಮಾಡಿದಿರಿ. ಹಲಗೆಯ ಅಡಿಯಲ್ಲಿ ಅಡ್ಡಪಟ್ಟಿಯನ್ನು ಅಂಟು, ಸ್ಕ್ರೂ ಎರಡೂ ಹಾಕಿ ಬಿಗಿಗೊಳಿಸಿರಬೇಕು. ಮಾರ್ಚ್‌ನಲ್ಲಿ ಹಲಗೆ ಕುಗ್ಗಲು ಹೊರಟಿತು, ಅಡ್ಡಪಟ್ಟಿ ಬಿಡಲಿಲ್ಲ, ದುರ್ಬಲವಾದ ಜಾಗದಲ್ಲಿ ಅದು ಸೀಳಿಕೊಂಡಿತು. ಎಂಥ ಅಂಟು ಹಾಕಿದ್ದರೂ ಹೀಗೇ ಆಗುತ್ತಿತ್ತು.

ಸ್ಕ್ರೂ ಹಾಕುವಾಗ ಸೀಳಿದ್ದಕ್ಕೆ ಕಾರಣ ಸರಳ. ಮೊದಲು ಸಣ್ಣ ತೂತು ಕೊರೆದಿಲ್ಲ, ಅಥವಾ ತುದಿಗೆ ತೀರ ಹತ್ತಿರ ಹಾಕಿದ್ದೀರಿ. 8 ನಂಬರ್ ಸ್ಕ್ರೂಗೆ ತೇಗದಂಥ ಗಟ್ಟಿ ಮರದಲ್ಲಿ 3 ಮಿ.ಮೀ., ಪೈನ್‌ನಂಥ ಮೆದು ಮರದಲ್ಲಿ 2.5 ಮಿ.ಮೀ. ಬಿಟ್‌ನಿಂದ ಮೊದಲೇ ಕೊರೆಯಿರಿ. ಹಲಗೆಯ ತುದಿಯಿಂದ ಕನಿಷ್ಠ 25 ಮಿ.ಮೀ. ಒಳಗಿರಲಿ. ಸ್ಕ್ರೂ ಎಳೆಗೆ ಸ್ವಲ್ಪ ಮೇಣ ಸವರಿದರೆ ಸಲೀಸಾಗಿ ಇಳಿಯುತ್ತದೆ, ತಲೆಯೂ ಸವೆಯುವುದಿಲ್ಲ.

ಇನ್ನು ಉಳಿ. ಈ ಹವ್ಯಾಸ ಉಳಿಯುವುದೂ ಕೈಬಿಡುವುದೂ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾರ್ಖಾನೆಯಿಂದ ಬರುವ ಉಳಿಯ ಇಳಿಜಾರನ್ನು ಸಾಮಾನ್ಯವಾಗಿ 25 ಡಿಗ್ರಿಗೆ ಒರಟಾಗಿ ಉಜ್ಜಿರುತ್ತಾರೆ, ಅಲುಗು ಇನ್ನೂ ಮೂಡಿರುವುದಿಲ್ಲ. ಬೆನ್ನಿನ ಭಾಗದಲ್ಲಿ, ಅಂದರೆ ಇಳಿಜಾರಿಲ್ಲದ ಚಪ್ಪಟೆ ಮುಖದಲ್ಲಿ, ಯಂತ್ರದ ಗೀರುಗಳು ಹಾಗೇ ಇರುತ್ತವೆ. ಎರಡು ನಯವಾದ ಮೇಲ್ಮೈಗಳು ಸೇರುವ ಗೆರೆಯೇ ಅಲುಗು. ಒಂದು ಮೇಲ್ಮೈ ಗೀರುಗೀರಾಗಿದ್ದರೆ ಇನ್ನೊಂದನ್ನು ಎಷ್ಟು ಮಸೆದರೂ ಹರಿತ ಬರುವುದಿಲ್ಲ. ಹಾಗಾಗಿ ಬೆನ್ನಿನಿಂದಲೇ ಶುರು ಮಾಡಬೇಕು.

ಗಾಜಿನ ಅಂಗಡಿಯಲ್ಲಿ 8ರಿಂದ 10 ಮಿ.ಮೀ. ದಪ್ಪದ, ಸುಮಾರು 300 × 100 ಮಿ.ಮೀ. ಅಳತೆಯ ತುಂಡೊಂದನ್ನು ಅಂಚು ಉಜ್ಜಿಸಿ ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ಕಪ್ಪು ಉಜ್ಜುಕಾಗದ ಕೊಡುತ್ತಾರೆ. 220, 400, 1000, 2000 ನಂಬರಿನವು ಸಾಕು. ಗಾಜಿನ ಮೇಲೆ ನೀರು ಚಿಮುಕಿಸಿ ಕಾಗದ ಹಾಸಿದರೆ ತಾನಾಗಿ ಅಂಟಿಕೊಳ್ಳುತ್ತದೆ. ಉಳಿಯ ಬೆನ್ನನ್ನು 220ರ ಮೇಲೆ ಚಪ್ಪಟೆಯಾಗಿ ಒತ್ತಿ ಹಿಂದೆ ಮುಂದೆ ಉಜ್ಜಿ. ಪೂರ್ತಿ ಬೆನ್ನು ಬೇಕಿಲ್ಲ, ಅಲುಗಿನ ಪಕ್ಕದ 25ರಿಂದ 30 ಮಿ.ಮೀ. ಭಾಗ ಒಂದೇ ಸಮನಾಗಿ ಮಂಕಾದರೆ ಸಾಕು. ಹಿಡಿಯ ಕಡೆ ಎತ್ತಬೇಡಿ. ಒಂದು ಸಲ ಎತ್ತಿದರೂ ಅಲುಗಿನ ಬಳಿ ಬೆನ್ನು ದುಂಡಾಗುತ್ತದೆ, ಅದನ್ನು ಸರಿಪಡಿಸಲು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಆಮೇಲೆ 400, 1000, 2000. ಕೊನೆಗೆ ಆ ಭಾಗದಲ್ಲಿ ನಿಮ್ಮ ಬೆರಳಿನ ಪ್ರತಿಬಿಂಬ ಕಾಣಬೇಕು. ಈ ಕೆಲಸ ಒಂದು ಉಳಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ, ಆದ್ದರಿಂದ ಒಂದು ಸಂಜೆ ಪೂರ್ತಿ ಹಿಡಿದರೂ ಬೇಸರ ಬೇಡ.

ನಂತರ ಇಳಿಜಾರು. ಮೊದಲ ದಿನಗಳಲ್ಲಿ ಬರಿಗೈಯಲ್ಲಿ ಕೋನ ಹಿಡಿಯಲು ಹೋಗಬೇಡಿ. ಉಳಿಯನ್ನು ಎರಡೂ ಪಕ್ಕದಿಂದ ಕಚ್ಚಿ ಹಿಡಿಯುವ, ಒಂದೇ ಗಾಲಿಯ ಹೋನಿಂಗ್ ಗೈಡ್ ಸಿಗುತ್ತದೆ, ಅದನ್ನು ಕೊಳ್ಳಿ. ಈ ಬಗೆಯ ಗೈಡ್‌ನ ಮುಂಭಾಗದಿಂದ ಉಳಿ 40 ಮಿ.ಮೀ. ಹೊರಗೆ ಚಾಚಿದ್ದರೆ 25 ಡಿಗ್ರಿ, 30 ಮಿ.ಮೀ. ಚಾಚಿದ್ದರೆ 30 ಡಿಗ್ರಿ ಕೋನ ಬರುತ್ತದೆ. ಮರ ಹೆರೆಯುವ ತೋಪಡದ ಅಲಗಿಗಾದರೆ 50 ಮತ್ತು 38 ಮಿ.ಮೀ. ಈ ಅಳತೆಗಳಿಗೆ ಒಂದು ಹಲಗೆ ಚೂರಿನ ಮೇಲೆ ಸಣ್ಣ ತಡೆಗಳನ್ನು ಅಂಟಿಸಿಟ್ಟುಕೊಂಡರೆ ಪ್ರತಿ ಸಲ ಸ್ಕೇಲ್ ಹುಡುಕಬೇಕಿಲ್ಲ. 25 ಡಿಗ್ರಿಯಲ್ಲಿ 400ರ ಮೇಲೆ ಉಜ್ಜುತ್ತಾ ಹೋಗಿ. ಹೆಬ್ಬೆರಳನ್ನು ಬೆನ್ನಿನ ಮೇಲಿಟ್ಟು ಅಲುಗಿನಿಂದ ಆಚೆಗೆ ಮೆಲ್ಲಗೆ ಜಾರಿಸಿದಾಗ ಉದ್ದಕ್ಕೂ ಸಣ್ಣದೊಂದು ತಡೆ ತಾಗಬೇಕು. ಅದು ಲೋಹದ ಸಿಗುರು. ಅಲುಗಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಅದು ಮೂಡದೆ ಮುಂದಿನ ಕಾಗದಕ್ಕೆ ಹೋಗಬಾರದು. ಹೆಚ್ಚಿನವರು ತಪ್ಪುವುದು ಇಲ್ಲೇ. ಸಿಗುರು ಮೂಡುವ ಮೊದಲೇ 2000ಕ್ಕೆ ಹೋಗಿ ಮೊಂಡು ಅಲುಗನ್ನೇ ಫಳಫಳ ಹೊಳೆಸುತ್ತಾರೆ. ಸಿಗುರು ಬಂದ ಮೇಲೆ ಗೈಡನ್ನು 30 ಡಿಗ್ರಿಗೆ ಬದಲಿಸಿ 1000ದ ಮೇಲೆ ಹತ್ತು ಹದಿನೈದು ಎಳೆತ, 2000ದ ಮೇಲೆ ಅಷ್ಟೇ. ತುದಿಯಲ್ಲಿ ಕೂದಲೆಳೆಯಂಥ ಹೊಳೆಯುವ ಗೆರೆ ಕಾಣುತ್ತದೆ. ಬೆನ್ನನ್ನು 2000ದ ಮೇಲೆ ಚಪ್ಪಟೆಯಾಗಿಟ್ಟು ಎರಡು ಮೂರು ಸಲ ಎಳೆದು ಸಿಗುರು ತೆಗೆಯಿರಿ. ಕೊನೆಗೆ ಹಲಗೆಗೆ ಅಂಟಿಸಿದ ಚರ್ಮದ ತುಂಡಿನ ಮೇಲೆ ಹಸಿರು ಪಾಲಿಶ್ ಕಡ್ಡಿ ತಿಕ್ಕಿ, ಅದರ ಮೇಲೆ ಹಿಂದಕ್ಕೆ ಮಾತ್ರ ಹತ್ತು ಸಲ ಎಳೆಯಿರಿ.

ಹರಿತವಾಗಿದೆಯೋ ಇಲ್ಲವೋ ಎಂದು ಕೈಯ ಕೂದಲು ಬೋಳಿಸಿ ನೋಡಬೇಡಿ. ಪೈನ್ ಮರದ ತುಂಡಿನ ಅಡ್ಡಕೊಯ್ತದ ಮುಖವನ್ನು ಉಳಿಯಿಂದ ತೆಳ್ಳಗೆ ಸವರಿ. ಕೊಯ್ದ ಜಾಗ ಮೇಣ ಹಚ್ಚಿದಂತೆ ನಯವಾಗಿದ್ದರೆ ಹರಿತ ಬಂದಿದೆ. ಬಿಳಿಬಿಳಿ ಚುಕ್ಕೆಗಳು, ಕಿತ್ತುಹೋದ ನಾರು ಕಂಡರೆ ಬಂದಿಲ್ಲ. ಮೆದು ಮರದಲ್ಲಿ ಈ ಪರೀಕ್ಷೆ ಗಟ್ಟಿ ಮರಕ್ಕಿಂತ ಕಠಿಣ, ಏಕೆಂದರೆ ಮೊಂಡು ಅಲುಗಿಗೆ ಮೆದು ನಾರು ಬಾಗಿ ಜಜ್ಜಿಹೋಗುತ್ತದೆ. ಕೆಲಸ ಮಾಡುವಾಗ ಅರ್ಧ ಗಂಟೆಗೊಮ್ಮೆ ಚರ್ಮದ ಮೇಲೆ ಎಳೆದುಕೊಳ್ಳಿ. ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಅಲುಗು ಬೇಗ ಮೊಂಡಾಗುತ್ತದೆ, ಆಗ ಇನ್ನೂ ಹೆಚ್ಚು ಸಲ ಬೇಕಾಗಬಹುದು. ಚಾಕು ಸಾಣೆ ಹಿಡಿಯುವವರ ಒಣ ಚಕ್ರಕ್ಕೆ ಮಾತ್ರ ಉಳಿ ಕೊಡಬೇಡಿ. ಬಿಸಿಗೆ ಅಲುಗು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಷ್ಟು ಭಾಗದ ಉಕ್ಕು ಹದ ಕಳೆದುಕೊಂಡಿತು ಎಂದೇ ಅರ್ಥ. ಆ ನೀಲಿ ಭಾಗವನ್ನು ಪೂರ್ತಿ ಉಜ್ಜಿ ತೆಗೆಯುವ ತನಕ ಹರಿತ ನಿಲ್ಲುವುದಿಲ್ಲ.

ಹರಿತವಾದ ಉಳಿಯಿಂದ ನಿಮ್ಮ ಶಬ್ದದ ಸಮಸ್ಯೆಯೂ ಅರ್ಧ ಕಡಿಮೆಯಾಗುತ್ತದೆ. ಮೊಂಡು ಉಳಿಗೆ ಸುತ್ತಿಗೆಯ ಏಟು ಬೇಕು, ಹರಿತವಾದದ್ದು ಅಂಗೈ ಒತ್ತಡಕ್ಕೇ ಇಳಿಯುತ್ತದೆ. ತೆಗೆಯಬೇಕಾದ ಮರದ ಹೆಚ್ಚಿನ ಭಾಗವನ್ನು ಡ್ರಿಲ್ ಮತ್ತು ಗರಗಸದಿಂದ ತೆಗೆದು, ಉಳಿದ ಒಂದು ಮಿ.ಮೀ.ಯನ್ನು ಉಳಿಯಿಂದ ಸವರಿ. ಬಡಿಯಲೇಬೇಕಾದರೆ ಮರದ ಕೊಡತಿ ಬಳಸಿ, ಬೆಂಚಿನ ಕಾಲಿನ ನೇರ ಮೇಲೆ ಇಟ್ಟು ಬಡಿಯಿರಿ, ಕಾಲುಗಳ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಕೆಳಗಿನ ಮನೆಯವರಿಗೆ ತೊಂದರೆ ಕೊಡುವುದು ಗಾಳಿಯಲ್ಲಿ ಹೋಗುವ ಶಬ್ದಕ್ಕಿಂತ ಸ್ಲ್ಯಾಬ್ ಮೂಲಕ ಇಳಿಯುವ ಗುದ್ದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಮಿತಿ 55 ಡೆಸಿಬೆಲ್, ರಾತ್ರಿ 45. ಆದರೆ ನಿಯಮ ತೋರಿಸಿ ನೆರೆಹೊರೆ ಉಳಿಸಿಕೊಳ್ಳಲು ಆಗುವುದಿಲ್ಲ. ಒಮ್ಮೆ ಹೋಗಿ ಮಾತಾಡಿ, ಬಡಿಯುವ ಮತ್ತು ಕೊರೆಯುವ ಕೆಲಸಕ್ಕೆ ಭಾನುವಾರ ಬೆಳಿಗ್ಗೆ 11ರಿಂದ 1ರವರೆಗೆ ಎಂದು ಒಪ್ಪಿಗೆ ಮಾಡಿಕೊಳ್ಳಿ. ಉಳಿದ ದಿನ ಮಸೆಯುವುದು, ಗುರುತು ಹಾಕುವುದು, ಸವರುವುದು, ಹೆರೆಯುವುದು.

ಏನೇನು ಕೊಳ್ಳಬೇಕು? ನಿಮ್ಮ ಬಳಿ ಉಳಿ, ಡ್ರಿಲ್ ಇವೆ. ಸೇರಿಸಬೇಕಾದ್ದು 4 ನಂಬರಿನ ಒಂದು ಲೋಹದ ತೋಪಡ (ಅಂಗಡಿಯಲ್ಲಿ ರಂದಾ ಅಂದರೂ, ಪ್ಲೇನ್ ಅಂದರೂ ಕೊಡುತ್ತಾರೆ, ಸುಮಾರು 245 ಮಿ.ಮೀ. ಉದ್ದ, 50 ಮಿ.ಮೀ. ಅಲಗು), ಎಳೆದಾಗ ಕತ್ತರಿಸುವ ಜಪಾನಿ ಮಾದರಿಯ ಗರಗಸ ಒಂದು, ಮೂಲೆಮಟ್ಟ, ಅಂಚಿಗೆ ಸಮಾನಾಂತರವಾಗಿ ಗೆರೆ ಹಾಕುವ ಮಾರ್ಕಿಂಗ್ ಗೇಜ್, ಗೆರೆ ಹಾಕಲು ಚೂಪು ಚಾಕು, 24 ಇಂಚಿನ ಮೂರು ಕ್ಲ್ಯಾಂಪ್, 6 ಇಂಚಿನ ಎರಡು. ಖರ್ಚಿನಲ್ಲಿ ದೊಡ್ಡ ಪಾಲು ತೋಪಡ ಮತ್ತು ಕ್ಲ್ಯಾಂಪ್‌ಗೆ ಹೋಗಲಿ. ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಇವನ್ನೆಲ್ಲ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಮೂಲೆಮಟ್ಟವನ್ನು ಅಲ್ಲೇ ಪರೀಕ್ಷಿಸಿ. ನೇರ ಅಂಚಿಗೆ ಆನಿಸಿ ಒಂದು ಗೆರೆ ಎಳೆಯಿರಿ, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಬಿದ್ದರೆ ಸರಿ. ಬೇರೆಬೇರೆ ಹೋದರೆ ಅದು ನಿಜವಾದ ತಪ್ಪಿನ ಎರಡರಷ್ಟನ್ನು ತೋರಿಸುತ್ತಿದೆ, ಬೇರೆ ಕೇಳಿ.

ಆಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ ಬಳಸುವುದನ್ನು ಸೈಟ್‌ಗಳಲ್ಲಿ ನೋಡಿರುತ್ತೀರಿ. ದಯವಿಟ್ಟು ಅದನ್ನು ಮನೆಗೆ ತರಬೇಡಿ. ಆ ಯಂತ್ರದ ವೇಗ ಬೇರೆ ಕೆಲಸಕ್ಕೆ ಮಾಡಿದ್ದು. ಬ್ಲೇಡ್ ಮರದಲ್ಲಿ ಸಿಕ್ಕಿಕೊಂಡ ಕ್ಷಣದಲ್ಲಿ ಯಂತ್ರ ಕೈಯಿಂದ ಸಿಡಿದು ಮೈಮೇಲೆ ಬರುತ್ತದೆ. ಸರ್ಕ್ಯುಲರ್ ಗರಗಸ, ಮರದಲ್ಲಿ ಕಾಲುವೆ ಕೊರೆಯುವ ರೌಟರ್ ಯಂತ್ರ ಕೂಡ ನಿಮ್ಮ ಬಾಲ್ಕನಿಗೆ ಸಲ್ಲವು. ಧೂಳು ಮತ್ತು ಶಬ್ದ ಎರಡೂ ಅಲ್ಲಿ ಹಿಡಿಸುವುದಿಲ್ಲ.

ಬೆಂಚ್ ಇಲ್ಲದೆ ತೋಪಡ ಹೊಡೆಯಲು ಆಗದು, ಊಟದ ಮೇಜಿನ ಮೇಲಂತೂ ಬೇಡವೇ ಬೇಡ. 18 ಮಿ.ಮೀ. ಪ್ಲೈವುಡ್‌ನ ಎರಡು ಪದರ ಅಂಟಿಸಿ 900 × 400 ಮಿ.ಮೀ. ಮೇಲ್ಹಲಗೆ ಮಾಡಿ. ಎತ್ತರ, ನೀವು ನೇರ ನಿಂತಾಗ ಮಣಿಕಟ್ಟು ಬರುವಷ್ಟು. ಹೆಚ್ಚಿನವರಿಗೆ 850 ಮಿ.ಮೀ. ಆಸುಪಾಸು. ಬಾಡಿಗೆ ಮನೆಯಾದ್ದರಿಂದ ಗೋಡೆಗೆ ಬೋಲ್ಟ್ ಹಾಕಲಾಗದು, ಹಾಗಾಗಿ ಕೆಳಗಿನ ಅಡ್ಡಹಲಗೆಯ ಮೇಲೆ 25 ಕೆ.ಜಿ.ಯ ಮರಳು ಚೀಲವೊಂದನ್ನು ಇಡಿ, ಬೆಂಚ್ ಜರುಗುವುದಿಲ್ಲ. ಎಡತುದಿಯಲ್ಲಿ 6 ಮಿ.ಮೀ. ದಪ್ಪದ ಪಟ್ಟಿ ಸ್ಕ್ರೂ ಮಾಡಿದರೆ ಹಲಗೆಗೆ ಅದೇ ತಡೆ. ನೀವು ಎಡಗೈಯವರಾದರೆ ಬಲತುದಿಯಲ್ಲಿ. ಇದರ ಜೊತೆ 300 × 200 ಮಿ.ಮೀ. ಹಲಗೆಯ ಮೇಲೊಂದು ಕೆಳಗೊಂದು ಅಡ್ಡಪಟ್ಟಿ ಹಾಕಿ ಬೆಂಚ್ ಹುಕ್ ಮಾಡಿಕೊಳ್ಳಿ. ಕೆಳಗಿನ ಪಟ್ಟಿ ಬೆಂಚಿನ ಅಂಚಿಗೆ ಆನುತ್ತದೆ, ಮೇಲಿನದಕ್ಕೆ ಮರ ಒತ್ತಿ ಹಿಡಿದು ಕೊಯ್ಯಬಹುದು. ಇದೇ ನಿಮ್ಮ ಮೊದಲ ವಸ್ತು ಆಗಲಿ.

ಈಗ ಮರ. ಅಭ್ಯಾಸಕ್ಕೆ ಹಳೆ ಪ್ಯಾಕಿಂಗ್ ಪ್ಯಾಲೆಟ್‌ಗಳ ಪೈನ್ ಸಾಕು. ಪ್ಯಾಲೆಟ್ ಮೇಲಿನ ಮುದ್ರೆಯಲ್ಲಿ ಎಚ್‌ಟಿ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ತೊಂದರೆಯಿಲ್ಲ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಹಾಕಿದ್ದು, ಮುಟ್ಟಬೇಡಿ. ಮೊಳೆ ಉಳಿದಿದೆಯೇ ಎಂದು ಅಯಸ್ಕಾಂತ ಹಿಡಿದು ನೋಡಿ, ಒಂದು ಮೊಳೆ ಸಾಕು ತೋಪಡದ ಅಲುಗು ಹಾಳಾಗಲು. ಒಳ್ಳೆಯ ಮರಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋಗಿ. ತೇಗ ಸುಲಭವಾಗಿ ಸಿಗುತ್ತದೆ. ಸಿಕ್ಕರೆ ಹಲಸು ಕೇಳಿ: ವೀಣೆ, ಮೃದಂಗಗಳಿಗೆ ಬಳಸುವ ಮರ, ಬಣ್ಣ ವರ್ಷಗಳು ಕಳೆದಂತೆ ಗಾಢವಾಗುತ್ತದೆ. ಬಿಲ್ ತೆಗೆದುಕೊಳ್ಳಿ. ಯಾವ ಮರ ಎಂದು ಹೇಳಿ ಕೊಟ್ಟರೋ ಅದೇ ಹೌದೇ ಎಂಬ ಅನುಮಾನ ಮೂಡಿದರೆ, ಮಲ್ಲೇಶ್ವರ 18ನೇ ಕ್ರಾಸ್‌ನಲ್ಲಿ ಕೇಂದ್ರ ಸರ್ಕಾರದ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿ ಇದೆ, ಮರ ಗುರುತಿಸುವುದು ಅವರ ಕೆಲಸಗಳಲ್ಲೊಂದು.

ಮರದ ವ್ಯಾಪಾರ ನಡೆಯುವುದು ಘನ ಅಡಿಯಲ್ಲಿ. ಅಡಿಯಲ್ಲಿ ಉದ್ದ, ಇಂಚಿನಲ್ಲಿ ಅಗಲ, ಇಂಚಿನಲ್ಲಿ ದಪ್ಪ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 3 ಅಡಿ ಉದ್ದ, 6 ಇಂಚು ಅಗಲ, 1 ಇಂಚು ದಪ್ಪದ ಹಲಗೆ 18 ಭಾಗಿಸು 144, ಅಂದರೆ 0.125 ಘನ ಅಡಿ. ಈ ಲೆಕ್ಕ ತಲೆಯಲ್ಲಿದ್ದರೆ ಅಂಗಡಿಯವರು ಹೇಳುವ ಬೆಲೆ ಏನೆಂದು ತಕ್ಷಣ ತಿಳಿಯುತ್ತದೆ. ತಂದ ಮರವನ್ನು ಅಂದೇ ಅಳತೆಗೆ ಕೊಯ್ಯಬೇಡಿ. ಬೇಕಾದ್ದಕ್ಕಿಂತ ಸ್ವಲ್ಪ ಉದ್ದವಾಗಿ ಕತ್ತರಿಸಿ, ಹಲಗೆಗಳ ನಡುವೆ 15ರಿಂದ 20 ಮಿ.ಮೀ. ದಪ್ಪದ ಕಡ್ಡಿಗಳಿಟ್ಟು, ಬಿಸಿಲು ಬೀಳದ ಕೋಣೆಯಲ್ಲಿ ಪೇರಿಸಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ತೂಕವನ್ನು ಹಲಗೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ತೂಕ ಇಳಿಯುತ್ತಿರುವಷ್ಟು ದಿನ ಮರ ಒಣಗುತ್ತಿದೆ. ಎರಡು ಮೂರು ವಾರ ಒಂದೇ ತೂಕ ನಿಂತರೆ ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿದೆ. ತೇವಾಂಶ ಅಳೆಯುವ ಮೀಟರ್ ಇಲ್ಲದೆಯೂ ಇಷ್ಟು ತಿಳಿಯಬಹುದು. ಒಂದು ಇಂಚಿನ ಹಲಗೆಗೆ ಕನಿಷ್ಠ ಒಂದು ತಿಂಗಳು ಕೊಡಿ. ಉಳಿ ಮಸೆಯುವುದಕ್ಕೂ ಬೆಂಚ್ ಕಟ್ಟುವುದಕ್ಕೂ ಆ ತಿಂಗಳು ಸರಿಹೋಗುತ್ತದೆ.

ಬೆಂಚ್ ಹುಕ್ ಆದ ಮೇಲೆ ಏನು ಮಾಡಬೇಕು? ಮತ್ತೆ ಸ್ಟೂಲಿಗೆ ಹೋಗಬೇಡಿ, ಮಣೆ ಮಾಡಿ. ಪೂಜೆಗೋ ಊಟಕ್ಕೋ ಕೂರುವ ಸಾದಾ ಮಣೆ: ಒಂದು ಹಲಗೆ, ಅಡಿಯಲ್ಲಿ ಎರಡು ಅಡ್ಡಪಟ್ಟಿ. ಕಾಲುಗಳ ಕೋನದ ತಲೆನೋವಿಲ್ಲ, ಆದರೆ ಹಲಗೆ ಸಮ ಮಾಡುವುದು, ಅಂಚು ಕೂಡಿಸುವುದು, ಮರದ ಚಲನೆಗೆ ಜಾಗ ಬಿಡುವುದು, ಪಾಲಿಶ್ ಎಲ್ಲವೂ ಇದರಲ್ಲಿದೆ. ಮೇಲೆ ಲೆಕ್ಕ ಹಾಕಿದ 3 ಅಡಿಯ ಹಲಗೆಯನ್ನು ಎರಡು ತುಂಡು ಮಾಡಿ. ಅಡ್ಡಪಟ್ಟಿಗಳಿಗೆ 2 ಇಂಚು × 1.5 ಇಂಚಿನ ರೀಪು 2 ಅಡಿ. ಸಿದ್ಧವಾದಾಗ ಮಣೆ ಸುಮಾರು 430 × 285 × 20 ಮಿ.ಮೀ. ಇರುತ್ತದೆ.

ಮೊದಲು ಎರಡೂ ತುಂಡುಗಳ ಒಂದೊಂದು ಮುಖ ಸಮ ಮಾಡಿ. ಹಲಗೆಯ ಎರಡು ತುದಿಗೆ ಎರಡು ನೇರ ಕಡ್ಡಿ ಅಡ್ಡ ಇಟ್ಟು, ಕಣ್ಣನ್ನು ಅವುಗಳ ಮಟ್ಟಕ್ಕೆ ತಂದು ನೋಡಿ. ಎರಡೂ ಸಮಾನಾಂತರ ಕಾಣದಿದ್ದರೆ ಹಲಗೆ ತಿರುಚಿಕೊಂಡಿದೆ, ಎದ್ದಿರುವ ಮೂಲೆಗಳನ್ನು ಕರ್ಣರೇಖೆಯಲ್ಲಿ ಹೆರೆಯಿರಿ. ಆಮೇಲೆ ಮರದ ನಾರಿನ ಎಳೆಯ ಉದ್ದಕ್ಕೆ. ತೋಪಡದ ಅಲಗಿನ ಮೇಲೆ ಕೂರುವ ಕ್ಯಾಪ್ ಐರನ್ ಅಲುಗಿನಿಂದ ಅರ್ಧದಿಂದ ಒಂದು ಮಿ.ಮೀ. ಹಿಂದಿರಲಿ. ಹೆರೆಯುವಾಗ ಮರ ಕಿತ್ತುಬಂದರೆ ನೀವು ಎಳೆಗೆ ಎದುರಾಗಿ ಹೋಗುತ್ತಿದ್ದೀರಿ, ಹಲಗೆಯನ್ನು ತಿರುಗಿಸಿ. ಆಗಲೂ ಕಿತ್ತರೆ ಅಲಗನ್ನು ಇನ್ನೂ ಒಳಗೆಳೆದು ತೆಳು ಸುರುಳಿ ಬರುವಂತೆ ಮಾಡಿ.

ಅಂಚು ಕೂಡಿಸುವುದರಲ್ಲಿ ಒಂದು ಹಳೆಯ ಉಪಾಯವಿದೆ, ತುಂಬ ಸೊಗಸಾದದ್ದು. ಕೂಡಬೇಕಾದ ಎರಡು ಹಲಗೆಗಳನ್ನು ಪುಸ್ತಕದಂತೆ ಮಡಚಿ, ಸಮ ಮಾಡಿದ ಮುಖಗಳು ಹೊರಗೆ ಬರುವಂತೆ ಒಟ್ಟಿಗೆ ಬಿಗಿದು, ಎರಡರ ಅಂಚನ್ನೂ ಒಂದೇ ಸಲ ಹೆರೆಯಿರಿ. ನಿಮ್ಮ ತೋಪಡ ಒಂದು ಡಿಗ್ರಿ ವಾಲಿದ್ದರೂ ಚಿಂತೆಯಿಲ್ಲ. ಬಿಚ್ಚಿ ಪಕ್ಕಪಕ್ಕ ಇಟ್ಟಾಗ ಒಂದರ 89 ಡಿಗ್ರಿಗೆ ಇನ್ನೊಂದರ 91 ಸೇರಿ ಹಲಗೆ ಚಪ್ಪಟೆಯಾಗಿಯೇ ಕೂಡುತ್ತದೆ. ಆದರೆ ಉದ್ದಕ್ಕೆ ಉಬ್ಬು ಇದ್ದರೆ ಈ ಉಪಾಯ ಅದನ್ನು ಮುಚ್ಚುವುದಿಲ್ಲ. ಒಂದರ ಮೇಲೊಂದು ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ತುದಿಗಳಲ್ಲಿ ಬೆಳಕು ಕಂಡರೆ ನಡುವೆ ಉಬ್ಬಿದೆ, ನಡುಭಾಗದಲ್ಲಿ ಮಾತ್ರ ಒಂದೆರಡು ಸುರುಳಿ ತೆಗೆಯಿರಿ. ನಡುವೆ ಕಾಗದದಷ್ಟು ಬೆಳಕು ಕಾಣುವುದು ಒಳ್ಳೆಯದೇ, ಕ್ಲ್ಯಾಂಪ್ ಹಾಕಿದಾಗ ಅದು ಮುಚ್ಚಿಕೊಂಡು ತುದಿಗಳು ಇನ್ನೂ ಬಿಗಿಯಾಗುತ್ತವೆ. ತುದಿಗಳೇ ಮೊದಲು ಒಣಗುವುದರಿಂದ ಬಿಗಿ ಬೇಕಾಗಿರುವುದೂ ಅಲ್ಲೇ.

ಅಂಟಿಗೆ ಬಿಳಿ ಫೆವಿಕಾಲ್ ಸಾಕು. ಎರಡೂ ಅಂಚಿಗೆ ತೆಳುವಾಗಿ ಹಚ್ಚಿ, ಎರಡು ಕ್ಲ್ಯಾಂಪ್ ಕೆಳಗಿಂದ, ಒಂದು ಮೇಲಿಂದ ಹಾಕಿ. ಎಲ್ಲವನ್ನೂ ಒಂದೇ ಕಡೆಯಿಂದ ಹಾಕಿದರೆ ಹಲಗೆ ಬಾಗುತ್ತದೆ. ಜೋಡಣೆಯ ಉದ್ದಕ್ಕೂ ಸಣ್ಣ ಹನಿಗಳು ಹೊರಬಂದರೆ ಪ್ರಮಾಣ ಸರಿಯಿದೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅಂಟು ನೀರಾಗಿ ಮರದ ರಂಧ್ರಗಳಿಗೆ ಇಳಿದು ಪಾಲಿಶ್ ಮಾಡಿದಾಗ ಬಿಳಚಿದ ಕಲೆಯಾಗಿ ಕಾಣುತ್ತದೆ. ಅರ್ಧ ಗಂಟೆ ಕಳೆದು ಅದು ರಬ್ಬರಿನ ಹದಕ್ಕೆ ಬಂದಾಗ ಉಳಿಯಿಂದ ಎಬ್ಬಿಸಿ ತೆಗೆಯಿರಿ. 24 ಗಂಟೆ ಹಾಗೇ ಬಿಡಿ. ಆಮೇಲೆ ಎರಡೂ ಮುಖ ಹೆರೆದು 20 ಮಿ.ಮೀ.ಗೆ ತಂದು, ತುದಿಗಳನ್ನು ಮೂಲೆಮಟ್ಟಕ್ಕೆ ಕೊಯ್ಯಿರಿ. ಕೊಯ್ಯುವ ಮೊದಲು ಪೆನ್ಸಿಲ್ ಬದಲು ಚಾಕುವಿನಿಂದ ಗೆರೆ ಹಾಕಿದರೆ ಅಂಚು ಸಿಗುರೇಳುವುದಿಲ್ಲ.

ನಿಮ್ಮ ಸ್ಟೂಲ್ ಒಡೆದ ಜಾಗ ಈಗ ಬರುತ್ತದೆ. ಅಡ್ಡಪಟ್ಟಿಗಳನ್ನು 245 ಮಿ.ಮೀ. ಉದ್ದಕ್ಕೆ ಕೊಯ್ದು, 40 ಮಿ.ಮೀ. ಎತ್ತರ ಬರುವಂತೆ ನಿಲ್ಲಿಸಿ. ಪ್ರತಿಯೊಂದಕ್ಕೂ ಮೂರು ಸ್ಕ್ರೂ. ಕೆಳಗಿನಿಂದ 10 ಮಿ.ಮೀ. ಬಿಟ್‌ನಲ್ಲಿ 20 ಮಿ.ಮೀ. ಆಳ ಕೊರೆದು ಅದರಲ್ಲಿ ಸ್ಕ್ರೂ ತಲೆ ಮುಳುಗಿಸಿ. ಉಳಿದ 20 ಮಿ.ಮೀ.ನಲ್ಲಿ ನಡುವಿನ ತೂತು 4.5 ಮಿ.ಮೀ., ಗುಂಡಗೆ. ಎರಡು ತುದಿಯ ತೂತುಗಳನ್ನು ಮಾತ್ರ ಪಟ್ಟಿಯ ಉದ್ದದ ದಿಕ್ಕಿನಲ್ಲಿ 8 ಮಿ.ಮೀ.ವರೆಗೆ ಹಿಗ್ಗಿಸಿ, ಪಕ್ಕಪಕ್ಕ ಎರಡು ತೂತು ಕೊರೆದು ನಡುವಿನದನ್ನು ಸಣ್ಣ ಉಳಿಯಿಂದ ಬಿಡಿಸಿದರಾಯಿತು, ಸ್ಕ್ರೂ ತಲೆ ಮುಳುಗುವ ಅಗಲ ತೂತನ್ನೂ ಅದಕ್ಕೆ ತಕ್ಕಷ್ಟು ಬಿಡಿಸಿಕೊಳ್ಳಿ. 32 ಮಿ.ಮೀ. ಉದ್ದದ 8 ನಂಬರ್ ಸ್ಕ್ರೂ ಹಲಗೆಯೊಳಗೆ 12 ಮಿ.ಮೀ. ಹೋಗುತ್ತದೆ, ಮೇಲೆ ತೂರುವುದಿಲ್ಲ. ಅಂಟು ಹಾಕುವುದಾದರೆ ನಡುವಿನ 30 ಮಿ.ಮೀ.ಗೆ ಮಾತ್ರ. ತುದಿಯ ಸ್ಕ್ರೂಗಳ ತಲೆಗೆ ಸಣ್ಣ ವಾಷರ್ ಇರಲಿ, ಮುರಿಯುವಷ್ಟು ಬಿಗಿಯಬೇಡಿ. ಮಾರ್ಚ್‌ನಲ್ಲಿ ಹಲಗೆ ಕುಗ್ಗಿದಾಗ ಸ್ಕ್ರೂಗಳು ಆ ಉದ್ದ ತೂತಿನಲ್ಲಿ ಜರುಗುತ್ತವೆ, ಆಗಸ್ಟ್‌ನಲ್ಲಿ ಹಿಂದಕ್ಕೆ ಬರುತ್ತವೆ.

ಪಾಲಿಶ್‌ಗೆ ಅರಗು ಚೆನ್ನಾಗಿ ಕಾಣುತ್ತದೆ: 100 ಗ್ರಾಂ ಅರಗಿನ ಚಕ್ಕೆಯನ್ನು 400 ಮಿ.ಲೀ. ಪಾಲಿಶ್ ಸ್ಪಿರಿಟ್‌ನಲ್ಲಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಹಳೆ ಪಂಚೆಯ ತುಂಡಿನಲ್ಲಿ ಸೋಸಿ, ಮೂರು ನಾಲ್ಕು ತೆಳು ಪದರ ಹಚ್ಚಬೇಕು. ಮಳೆ ಹಿಡಿದ ದಿನ ಬೇಡ, ಗಾಳಿಯ ತೇವ ಸೇರಿ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಬಿಸಿ ಕಾಫಿ ಲೋಟ ಇಟ್ಟರೂ ಬಿಳಿ ಉಂಗುರ ಬೀಳುತ್ತದೆ. ಊಟಕ್ಕೆ ಬಳಸುವ ಮಣೆಯಾದರೆ ಬಾಯ್ಲ್ಡ್ ಲಿನ್ಸೀಡ್ ಎಣ್ಣೆ ವಾಸಿ. ತೆಳುವಾಗಿ ಹಚ್ಚಿ, 15 ನಿಮಿಷ ಬಿಟ್ಟು ಪೂರ್ತಿ ಒರೆಸಿ, ದಿನಕ್ಕೊಂದರಂತೆ ಮೂರು ಸಲ. ಒರೆಸದೆ ಬಿಟ್ಟ ಎಣ್ಣೆ ವಾರವಾದರೂ ಜಿಗುಟಾಗಿರುತ್ತದೆ.

ಇಲ್ಲಿ ಎರಡು ಅಪಾಯಗಳನ್ನು ಗಂಭೀರವಾಗಿ ತೆಗೆದುಕೊಳ್ಳಿ. ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದಬುಟ್ಟಿಗೆ ಹಾಕಿದರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಬಿಡಿಸಿ ತಂತಿಗೆ ಒಂದೇ ಪದರವಾಗಿ ಹರವಿ, ಗರಿಗರಿಯಾಗಿ ಒಣಗಿದ ಮೇಲೆ ಎಸೆಯಿರಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಎರಡನೆಯದು, ನಮ್ಮ ಯುಟಿಲಿಟಿ ಬಾಲ್ಕನಿಗಳಲ್ಲಿ ಬಹುತೇಕ ಗ್ಯಾಸ್ ಸಿಲಿಂಡರ್ ಇರುತ್ತದೆ, ಕೆಲವೆಡೆ ಗೀಸರ್ ಕೂಡ. ಸ್ಪಿರಿಟ್ ಕೆಲಸ ಅಲ್ಲಿ ಮಾಡಬೇಡಿ, ತಾರಸಿಗೆ ಹೋಗಿ. ಉಜ್ಜುಕಾಗದದಿಂದ ಏಳುವ ನುಣ್ಣನೆ ಹೊಟ್ಟು ಶ್ವಾಸಕೋಶಕ್ಕೆ ಕೆಟ್ಟದ್ದು. ಎನ್-95 ಮಾಸ್ಕ್ ಹಾಕಿ, ಸಾಧ್ಯವಾದಷ್ಟು ತೋಪಡದಿಂದಲೇ ನಯ ಮಾಡಿ. ಸುರುಳಿಗಳು ಗಾಳಿಯಲ್ಲಿ ತೇಲುವುದಿಲ್ಲ, ಗುಡಿಸಿದರೆ ಮುಗಿಯಿತು.

ಕೊನೆಗೆ ಸಮಯದ ಪ್ರಶ್ನೆ, ನೀವು ನಿಜವಾಗಿ ಕೇಳಿದ್ದೂ ಅದನ್ನೇ. ಭಾನುವಾರ ಪೂರ್ತಿ ಸಿಕ್ಕಾಗ ಮಾಡುತ್ತೇನೆ ಎಂದುಕೊಂಡರೆ ಅದು ಸಿಗುವುದಿಲ್ಲ. ಮದುವೆ, ಗೃಹಪ್ರವೇಶ, ಮಕ್ಕಳ ಪರೀಕ್ಷೆ ಯಾವುದಾದರೊಂದು ಬಂದೇ ಬರುತ್ತದೆ. ಸಂಜೆಯ 40 ನಿಮಿಷ ಸಾಕು, ಆದರೆ ಸಲಕರಣೆ ಹೊರತೆಗೆಯುವುದರಲ್ಲೇ 20 ನಿಮಿಷ ಹೋಗಬಾರದು. ಬೆಂಚ್ ಸದಾ ಖಾಲಿ ಇರಲಿ, ಒಗೆದ ಬಟ್ಟೆಯ ಬುಟ್ಟಿ ಅದರ ಮೇಲೆ ಬರದಂತೆ ಮನೆಯವರೊಂದಿಗೆ ಮೊದಲೇ ಜಾಗ ಹಂಚಿಕೊಳ್ಳಿ. ಬಾಲ್ಕನಿ ಅವರಿಗೂ ಬೇಕಾದದ್ದು. ಉಳಿಗಳಿಗೆ ಗೋಡೆಯ ಬದಲು ಬೆಂಚಿನ ಹಿಂಬದಿಯಲ್ಲೇ ಸೀಳುಗಳಿರುವ ಪಟ್ಟಿ ಮಾಡಿ. ಸಣ್ಣ ಮಕ್ಕಳಿದ್ದರೆ ಬೀಗವಿರುವ ಪೆಟ್ಟಿಗೆ. ಮಳೆಗಾಲದಲ್ಲಿ ಕೆಲಸ ಮುಗಿದ ಮೇಲೆ ಉಕ್ಕಿನ ಭಾಗಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಕಮಟಿ ಅಂಟಂಟಾಗುತ್ತದೆ. ಪ್ರತಿ ಸಂಜೆ ನಿಲ್ಲಿಸುವಾಗ ಮುಂದಿನ ಹೆಜ್ಜೆ ಏನೆಂದು ಹಲಗೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಡಿ: “ಎಡ ಅಂಚು ಇನ್ನೂ 1 ಮಿ.ಮೀ.” ಎಂದಿದ್ದರೆ ಮರುದಿನ ಯೋಚಿಸದೆ ಕೈ ಹಾಕಬಹುದು. ಅಂಟು ಹಚ್ಚುವ ಕೆಲಸವನ್ನು ಮಲಗುವ ಮುಂಚೆ ಇಟ್ಟುಕೊಂಡರೆ ಒಣಗುವ ಹೊತ್ತು ನಿಮ್ಮ ಬಿಡುವಿನಿಂದ ಹೋಗುವುದಿಲ್ಲ.

ಮಣೆ ನೋಡಿದ ನೆಂಟರು ನಮಗೂ ಒಂದು ಮಾಡಿಕೊಡಿ ಎನ್ನುತ್ತಾರೆ. ಮೊದಲ ವರ್ಷ ಯಾರಿಗೂ ದಿನಾಂಕ ಹೇಳಿ ಒಪ್ಪಿಕೊಳ್ಳಬೇಡಿ, ದುಡ್ಡಿಗಂತೂ ಬೇಡ. ಗಡುವು ಬಂದ ದಿನ ಅದು ಇನ್ನೊಂದು ಆಫೀಸ್ ಕೆಲಸವಾಗುತ್ತದೆ. ಎರಡನೇ ಮಣೆಯನ್ನು ಮನೆಗೇ ಮಾಡಿ, ಅದರಲ್ಲಿ ಸ್ಕ್ರೂ ಬಿಟ್ಟು ಅಡ್ಡಪಟ್ಟಿಗಳನ್ನು ಡವ್‌ಟೇಲ್ ಗಾಡಿಯಲ್ಲಿ (ಬಾಯಿ ಕಿರಿದಾಗಿ ತಳ ಅಗಲವಾಗಿರುವ ಕಾಲುವೆಯಲ್ಲಿ) ಪಕ್ಕದಿಂದ ಜಾರಿಸಿ ಕೂರಿಸಲು ಪ್ರಯತ್ನಿಸಿ. ಆ ಗಾಡಿ ಒಂದು ತುದಿಗಿಂತ ಇನ್ನೊಂದು ತುದಿಗೆ ಒಂದು ಮಿ.ಮೀ. ಕಿರಿದಾಗಿದ್ದರೆ ಪಟ್ಟಿ ಕೊನೆಯ ಎರಡು ಇಂಚಿನಲ್ಲಿ ಮಾತ್ರ ಬಿಗಿಯಾಗುತ್ತದೆ, ಕೊಡತಿಯ ಒಂದೆರಡು ಏಟು ಸಾಕು. ಅದಕ್ಕೆ ಬೇಕಾದ ಮರವನ್ನು ಮೊದಲ ಮಣೆಗೆ ತರುವಾಗಲೇ ತಂದು ಪೇರಿಸಿಟ್ಟಿರಿ.